ಮನೆದೇವರು ಅನ್ಯದೇವರಾದ ಕಥೆ

ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ಸೇನೆ ಜೆರೂಸಲೇಮ್ ನಗರವನ್ನು ಸುಟ್ಟು ಬೂದಿ ಮಾಡಿತು. ಯೆಹೂದ ರಾಜ್ಯ ಅಳಿಯಿತು. ಬದುಕಿ ಉಳಿದವರಲ್ಲಿ ಒಂದು ಗುಂಪು ಈಜಿಪ್ಟಿಗೆ ಓಡಿತು. ಬೇಡವೆಂದ ಪ್ರವಾದಿ ಯೆರೆಮೀಯನನ್ನೂ ಕರೆದೊಯ್ದಿತು. ಅಲ್ಲಿ ನಡೆದ ಒಂದು ವಾಗ್ವಾದ ಅವನ ಹೆಸರಿನ ಗ್ರಂಥದಲ್ಲಿದೆ. ಅನ್ಯದೇವತೆಗಳಿಗೆ ಧೂಪ ಹಾಕಿದ್ದರಿಂದಲೇ ನಾಡು ಹಾಳಾಯಿತು ಎಂದು ಪ್ರವಾದಿ ಗದರಿದ. ನೆರೆದವರು, ಅದರಲ್ಲೂ ಹೆಂಗಸರು, ತಲೆತಗ್ಗಿಸಲಿಲ್ಲ. ಆಕಾಶದ ರಾಣಿಯನ್ನು ಪೂಜಿಸುತ್ತಿದ್ದಷ್ಟು ಕಾಲ ಹೊಟ್ಟೆಗೆ ಕೊರತೆ ಇರಲಿಲ್ಲ, ಬಿಟ್ಟ ಮೇಲೆಯೇ ಕತ್ತಿಯೂ ಕ್ಷಾಮವೂ ಬಂದವು ಎಂದು ಎದುರುವಾದ ಹೂಡಿದರು. ದೇವಿಗೆ ರೊಟ್ಟಿ ತಟ್ಟಿದ್ದು ಗಂಡಂದಿರಿಗೆ ತಿಳಿಯದೆಯೇ ಎಂದೂ ಕೇಳಿದರು.

ಈ ರಾಣಿ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೆಸೊಪೊಟೇಮಿಯಾದ ಇಷ್ಟಾರ್ ಎನ್ನುವವರಿದ್ದಾರೆ. ಕಾನಾನಿನ ಅಸ್ಟಾರ್ಟೆ ಎನ್ನುವವರೂ ಇದ್ದಾರೆ. ಆಕೆಯ ರೊಟ್ಟಿಗೆ ಹೀಬ್ರೂ ಗ್ರಂಥ ಬಳಸುವ ಪದ ಮಾತ್ರ ಅಕ್ಕಾಡಿಯನ್ ಮೂಲದ್ದು. ಆದರೆ ಆ ಹೆಂಗಸರ ಪಾಲಿಗೆ ಆಕೆ ಹೊರಗಿನವಳಲ್ಲ. ತಂದೆತಾತಂದಿರು, ರಾಜರು, ಅಧಿಕಾರಿಗಳು ಎಲ್ಲರೂ ಪೂಜಿಸಿದವಳು.

ಹೀಬ್ರೂ ಗ್ರಂಥಗಳು 'ಅನ್ಯ' ಎಂದು ಕರೆಯುವ ದೇವತೆಗಳಲ್ಲಿ ಹಲವರ ಕಥೆ ಇದೇ. ಬಾಳನನ್ನೇ ನೋಡಿ. ಅರಸ ಅಹಾಬನನ್ನು ಮದುವೆಯಾಗಿ ಬಂದ ಸೀದೋನಿನ ರಾಜಕುಮಾರಿ ಈಜೆಬೆಲ್, ಕರ್ಮೆಲ್ ಬೆಟ್ಟದಲ್ಲಿ ಬಾಳನ 450 ಪ್ರವಾದಿಗಳೊಡನೆ ಎಲೀಯನ ಪಂದ್ಯ, ಇವೆಲ್ಲ ಪ್ರಸಿದ್ಧ. ಅದನ್ನು ಓದಿದವರಿಗೆ ಬಾಳ ಸೊಸೆಯ ತವರಿನಿಂದ ಬಂದ ದೇವರೆಂದೇ ತೋರುತ್ತದೆ. ಆದರೆ 'ಬಾಳ' ಎಂದರೆ ಒಡೆಯ, ಅಷ್ಟೆ. ಇಸ್ರೇಲಿನ ಮೊದಲ ಅರಸ ಸೌಲನ ಮಗನ ಹೆಸರು ಎಷ್ಬಾಳ, ಮೊಮ್ಮಗನದು ಮೆರೀಬ್ಬಾಳ. ಪೂರ್ವಕಾಲವೃತ್ತಾಂತದಲ್ಲಿ ಈ ಹೆಸರುಗಳು ಹಾಗೆಯೇ ಉಳಿದಿವೆ. ಸಮುವೇಲನ ಗ್ರಂಥದಲ್ಲಿ ಅವರೇ ಈಷ್ಬೋಶೆತ್, ಮೆಫೀಬೋಶೆತ್ ಆಗಿದ್ದಾರೆ. 'ಬೋಶೆತ್' ಎಂದರೆ ನಾಚಿಕೆಗೇಡು! ರಾಜಕುಮಾರನಿಗೆ ಅಂಥ ಹೆಸರನ್ನು ಯಾವ ತಂದೆಯೂ ಇಡಲಾರ. ಯಾರೋ ಲಿಪಿಕಾರರು ದೇವರ ಹೆಸರನ್ನು ಅಳಿಸಿ ಬೈಗುಳ ಬರೆದರೆಂಬುದೇ ಬಹುತೇಕ ವಿದ್ವಾಂಸರ ಅಭಿಪ್ರಾಯ. ಪ್ರಾಯಶಃ ಸೌಲನ ಕಾಲದಲ್ಲಿ 'ಒಡೆಯ' ಎಂಬುದು ಯೆಹೋವನಿಗೂ ಸಲ್ಲುತ್ತಿದ್ದ ಮಾತು. ಇನ್ನು ಮುಂದೆ ನನ್ನನ್ನು ಬಾಳ ಎಂದು ಕರೆಯಬೇಡಿರೆಂದು ದೇವರೇ ಹೇಳಿದ್ದಾಗಿ ಹೋಶೇಯನ ಗ್ರಂಥದಲ್ಲಿದೆ. ಕರೆಯುತ್ತಿದ್ದರೆಂದಲ್ಲವೇ ಅದರ ಅರ್ಥ?

ಅಶೇರಳ ವಿಷಯ ಇನ್ನೂ ಕುತೂಹಲಕರ. 1929ರಿಂದ ಸಿರಿಯಾದ ಉಗಾರಿತ್‌ನಲ್ಲಿ ದೊರೆತ ಮಣ್ಣಿನ ಫಲಕಗಳಲ್ಲಿ ಆಕೆ ಹಿರಿಯ ದೇವರು ಏಲನ ಪತ್ನಿ, ದೇವತೆಗಳ ತಾಯಿ. 1975-76ರಲ್ಲಿ ಪುರಾತತ್ವಜ್ಞ ಜೀವ್ ಮೆಷೆಲ್ ಸಿನಾಯ್ ಮರುಭೂಮಿಯ ಕುಂಟಿಲ್ಲೆಟ್ ಅಜ್ರುದ್ ಎಂಬಲ್ಲಿ ಅಗೆಸಿದಾಗ, ಕ್ರಿ.ಪೂ. 800ರ ಸುಮಾರಿನ ದೊಡ್ಡ ಹರವಿಗಳ ಮೇಲೆ ಬರೆದ ಆಶೀರ್ವಾದದ ಸಾಲುಗಳು ಸಿಕ್ಕವು. ಹರಸುವವರು ಸಮಾರ್ಯದ ಯೆಹೋವ ಮತ್ತು 'ಅವನ ಅಶೇರ'. ಇದು ದೇವಿಯೋ, ಆಕೆಯ ಹೆಸರಿನ ಮರದ ಕಂಬವೋ ಎಂಬ ಚರ್ಚೆ ಮುಗಿದಿಲ್ಲ. ಕಂಬವೇ ಆದರೂ ಅದು ಯೆಹೋವನದ್ದು, ಪರಕೀಯರದ್ದಲ್ಲ.

ಆ ಕಂಬ ಜೆರೂಸಲೇಮಿನ ಮಹಾದೇವಾಲಯದೊಳಗೂ ಇತ್ತು. ಕ್ರಿ.ಪೂ. 622ರಲ್ಲಿ ಅರಸ ಯೋಷೀಯ ಅದನ್ನು ಹೊರಗೆಳೆಸಿ ಕಿದ್ರೋನ್ ಕಣಿವೆಯಲ್ಲಿ ಸುಡಿಸಿದನೆಂದೂ, ಅಶೇರಳಿಗಾಗಿ ಹೆಂಗಸರು ಬಟ್ಟೆ ನೇಯುತ್ತಿದ್ದ ಕೋಣೆಗಳನ್ನು ಕೆಡವಿಸಿದನೆಂದೂ ಅರಸುಗಳ ಗ್ರಂಥ ಹೇಳುತ್ತದೆ. ಅವನ ಮುತ್ತಜ್ಜ ಹಿಜ್ಕೀಯನಂತೂ ಮೋಶೆಯೇ ಮಾಡಿಸಿದನೆಂಬ ಕಂಚಿನ ಸರ್ಪವನ್ನೂ ಬಿಡದೆ ಒಡೆಸಿದ್ದ. ಜನ ಅದಕ್ಕೆ ಧೂಪ ಹಾಕುತ್ತಿದ್ದರಂತೆ.

ಯೋಷೀಯನ ಸುಧಾರಣೆಯ ಫಲವೇನು? 13 ವರ್ಷಗಳಲ್ಲಿ, ಕ್ರಿ.ಪೂ. 609ರಲ್ಲಿ, ಆ ಧರ್ಮನಿಷ್ಠ ಅರಸನೇ ಮೆಗಿದ್ದೋವಿನಲ್ಲಿ ಈಜಿಪ್ಟಿನ ಫೇರೋನ ಕೈಯಲ್ಲಿ ಸತ್ತ. ಕಾಲು ಶತಮಾನ ಕಳೆಯುವುದರೊಳಗೆ ರಾಜ್ಯವೂ ಹೋಯಿತು. ಈಜಿಪ್ಟಿನಲ್ಲಿ ಯೆರೆಮೀಯನಿಗೆ ಎದುರಾಡಿದ ಹೆಂಗಸರು 'ಪೂಜೆ ಬಿಟ್ಟ ಮೇಲೆ' ಎಂದದ್ದು ಈ ಕಾಲವನ್ನೇ ಕುರಿತು ಇರಬಹುದು. ಅವರ ಲೆಕ್ಕ ತೀರ ಅಸಂಬದ್ಧವೇನಲ್ಲ. ಒಂದೇ ವಿಪತ್ತಿಗೆ ಎರಡು ಕಾರಣಗಳು. ಎರಡಕ್ಕೂ ಸಾಕ್ಷಿ ಅದೇ ಬೂದಿ. ಉಳಿದು ಬಂದ ಗ್ರಂಥ ಪ್ರವಾದಿಯ ಪಕ್ಷದ್ದು. ಆದರೂ ಎದುರಾಳಿಗಳ ಮಾತನ್ನು ಅದು ಅಳಿಸಿಲ್ಲ ಎಂಬುದು ಆ ಗ್ರಂಥದ ದೊಡ್ಡತನವೇ ಸರಿ.

ಈಜಿಪ್ಟಿನಲ್ಲಿ ನೆಲೆಸಿದ ಯೆಹೂದ್ಯರ ಬೇರೊಂದು ದಾಖಲೆಯೂ ಉಂಟು. ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಯೆಹೂದಿ ಸೈನಿಕರ ವಸಾಹತು ಇತ್ತು. ಅವರು 'ಯಾಹು' ಎಂದು ಕರೆಯುತ್ತಿದ್ದ ಯೆಹೋವನಿಗೆ ಗುಡಿಯನ್ನೂ ಕಟ್ಟಿಕೊಂಡಿದ್ದರು. ಕ್ರಿ.ಪೂ. 410ರಲ್ಲಿ ಆ ಗುಡಿ ನಾಶವಾದಾಗ, ಮತ್ತೆ ಕಟ್ಟಲು ನೆರವು ಕೋರಿ ಜೆರೂಸಲೇಮಿಗೆ ನಿಸ್ಸಂಕೋಚವಾಗಿ ಪತ್ರ ಬರೆದರು. ಅವರ ಕಾಗದಪತ್ರಗಳಲ್ಲಿ ಕ್ರಿ.ಪೂ. 400ರ ಸುಮಾರಿನ ಒಂದು ವಂತಿಗೆಯ ಪಟ್ಟಿ ಇದೆ. ತಲೆಗೆ 2 ಶೆಕೆಲ್ ಬೆಳ್ಳಿ; ಕೊಟ್ಟವರಲ್ಲಿ ಹೆಂಗಸರೂ ಇದ್ದಾರೆ. ಶಿರೋಲೇಖ ಹಣವೆಲ್ಲ ಯಾಹುವಿಗೆ ಎನ್ನುತ್ತದೆ. ಕೊನೆಯ ಲೆಕ್ಕದಲ್ಲಿ ಮಾತ್ರ ಯಾಹುವಿಗೆ 12 ಕರ್ಷ 6 ಶೆಕೆಲ್, ಎಶೆಂಬೇತೇಲ್ ದೇವರಿಗೆ 7 ಕರ್ಷ, ಅನಾತ್‌ಬೇತೇಲ್ ದೇವಿಗೆ 12 ಕರ್ಷ ಎಂದು ಬರೆದಿದೆ.