ಓರಿಯೆಂಟೀರಿಂಗ್‌ನಲ್ಲಿ ಗೌರವದ ಮಾನದಂಡಗಳು: ಪದಕ, ನಕ್ಷೆ, ನಡತೆ

ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ಪರಿಚಯವಿಲ್ಲದ ಕಾಡಿನಲ್ಲಿ ಗೊತ್ತುಪಡಿಸಿದ ತಾಣಗಳನ್ನು ಒಂದೊಂದಾಗಿ ಮುಟ್ಟುತ್ತ ಎಲ್ಲರಿಗಿಂತ ಬೇಗ ಗುರಿ ಸೇರುವ ಕ್ರೀಡೆ ಓರಿಯೆಂಟೀರಿಂಗ್. ಸ್ಪರ್ಧಿ ಎಲ್ಲಿ ತಡವರಿಸಿದ, ಯಾವ ದಾರಿ ಆರಿಸಿಕೊಂಡ ಎಂಬುದು ಬಹುಪಾಲು ಮರಗಳ ಮರೆಯಲ್ಲೇ ನಡೆದುಹೋಗುತ್ತದೆ. ಆದ್ದರಿಂದ ಪದಕಪಟ್ಟಿಯೊಂದನ್ನೇ ನೆಚ್ಚಿದ ಗೌರವ ಈ ಕ್ರೀಡೆಗೆ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ.

ಸ್ವೀಡನ್ನಿನ ಸೇನಾಧಿಕಾರಿ ಅರ್ನ್‌ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್ ಬಳಿ ದೊಡ್ಡ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಅವರನ್ನು ಈ ಕ್ರೀಡೆಯ ಪಿತಾಮಹರೆಂದು ಸ್ಮರಿಸಲಾಗುತ್ತದೆ. ಆ ಗೌರವ ಸಂದಿರುವುದು ಓಟಗಾರನಿಗಲ್ಲ, ಸಂಘಟಕನಿಗೆ. 1961ರಲ್ಲಿ ಕೋಪನ್‌ಹೇಗನ್‌ನಲ್ಲಿ ಹತ್ತು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. 1966ರಲ್ಲಿ ಫಿನ್ಲೆಂಡಿನ ಫಿಸ್ಕರ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಶ್ರೇಷ್ಠತೆಯನ್ನು ಅಳೆಯಲು ಅಂದಿನಿಂದ ಒಂದು ಸ್ಪಷ್ಟ ಅಳತೆಗೋಲು ಸಿಕ್ಕಿತು.

ಆ ಅಳತೆಗೆ ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ-ಲೂಡರ್ ಅತ್ಯುನ್ನತ ನಿದರ್ಶನ. ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಅವರು ಗೆದ್ದದ್ದು 23 ಚಿನ್ನ. 2003ರಲ್ಲಿ ತವರಿನಲ್ಲೂ 2005ರಲ್ಲಿ ಜಪಾನಿನ ಐಚಿಯಲ್ಲೂ ನಾಲ್ಕಕ್ಕೆ ನಾಲ್ಕು ಸ್ಪರ್ಧೆಗಳನ್ನು ಗೆದ್ದರು. ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲದ ಕ್ರೀಡೆಯವರಾದರೂ 2003, 2005, 2007ರಲ್ಲಿ ಅವರೇ ಆ ದೇಶದ ವರ್ಷದ ಮಹಿಳಾ ಕ್ರೀಡಾಪಟು. ಸಣ್ಣ ಕ್ರೀಡೆಯ ಸಾಧಕಿಯನ್ನು ಇಡೀ ನಾಡು ಗುರುತಿಸಿದ್ದು ಇಲ್ಲಿ ಮುಖ್ಯ.

ಆದರೆ ಈ ಗೆಲುವುಗಳ ತಳಪಾಯ ನಕ್ಷೆ. ಕಾಡಿನ ಓಟಕ್ಕೆ ಮೂಲ ಪ್ರಮಾಣ 1:15,000. ಕಾಗದದ ಒಂದು ಸೆಂಟಿಮೀಟರ್ ಎಂದರೆ ನೆಲದ 150 ಮೀಟರ್. ಕಂದು ಗೆರೆಗಳು ಏರುತಗ್ಗನ್ನೂ ಕಪ್ಪು ಗುರುತುಗಳು ಬಂಡೆಗಳನ್ನೂ ಸೂಚಿಸುತ್ತವೆ. ಬಿಳಿ ಬಣ್ಣ ಸಲೀಸಾಗಿ ಓಡಬಹುದಾದ ಕಾಡು. ಹಸಿರು ಗಾಢವಾದಷ್ಟೂ ಪೊದೆ ದಟ್ಟ. ಒಂದು ಪೊದೆ ತಿಳಿಹಸಿರೋ ಕಡುಹಸಿರೋ ಎಂಬುದನ್ನು ನಕ್ಷೆಕಾರ ಸ್ಥಳಕ್ಕೇ ಹೋಗಿ ನಿರ್ಧರಿಸಬೇಕು. ಅವನ ತೀರ್ಮಾನ ತಪ್ಪಿದರೆ ಸ್ಪರ್ಧೆಯ ನ್ಯಾಯವೇ ಕೆಡುತ್ತದೆ. ಬ್ರಿಟನ್‌ನಲ್ಲಿ ನಕ್ಷೆಯ ಕೆಲಸಕ್ಕೆಂದೇ ಬಾನಿಂಗ್ಟನ್ ಟ್ರೋಫಿ ಇರುವುದು ಈ ಅರಿವಿನ ಫಲ.

ಮೂರನೆಯ ಮಾನದಂಡ ನಡತೆ. 2009ರಲ್ಲಿ ಹಂಗರಿಯ ಮಿಶ್ಕೋಲ್ಟ್ಸ್‌ನಲ್ಲಿ ಪುರುಷರ ವಿಶ್ವ ರಿಲೇಯ ಕೊನೆಯ ಸುತ್ತು ನಡೆಯುತ್ತಿತ್ತು. ಮುಂಚೂಣಿಯಲ್ಲಿದ್ದ ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ತೊಡೆಗೆ ಮರದ ಕಡ್ಡಿ ಆಳವಾಗಿ ನಾಟಿತು. ಫ್ರಾನ್ಸಿನ ಥಿಯರಿ ಗಿಯೋರ್ಗು, ನಾರ್ವೆಯ ಆಂಡರ್ಸ್ ನೂರ್ಡ್‌ಬರ್ಗ್, ಚೆಕ್ ಗಣರಾಜ್ಯದ ಮಿಖಾಲ್ ಸ್ಮೋಲಾ ಓಟ ನಿಲ್ಲಿಸಿ ಅವರ ನೆರವಿಗೆ ನಿಂತರು. ಪದಕದ ಅವಕಾಶವನ್ನು ಕೈಬಿಟ್ಟರು. ಚಿನ್ನ ಸ್ವಿಟ್ಜರ್ಲೆಂಡಿನ ಪಾಲಾಯಿತು. ಫಲಿತಾಂಶದ ಪಟ್ಟಿಯನ್ನಷ್ಟೇ ಓದುವವರಿಗೆ ಈ ಮೂವರು ಸೋತವರು. ಕ್ರೀಡೆಯ ಚರಿತ್ರೆಯಲ್ಲಿ ಮಾತ್ರ ಅಂದಿನ ಶ್ರೇಷ್ಠ ಸಾಧನೆ ಇವರದೇ. ಯಾರೂ ನೋಡದ ಕಡೆ ತೋರಿದ ಸಜ್ಜನಿಕೆಯನ್ನು ದಾಖಲಿಸುವ ಹೊಣೆ ಗೌರವ ನೀಡುವ ಸಂಸ್ಥೆಗಳ ಮೇಲಿದೆ.

ಈ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಓಟಗಾರ, ನಕ್ಷೆಕಾರ, ಸಂಘಟಕ ಇವರ ಸಾಧನೆಗಳ ಜಾತಿಯೇ ಬೇರೆಯಾದ್ದರಿಂದ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗದೆ ಪ್ರತ್ಯೇಕ ಪುರಸ್ಕಾರ ನೀಡಬೇಕು. ಪ್ರತಿ ಪುರಸ್ಕಾರದೊಂದಿಗೆ ಆಯ್ಕೆಯ ಕಾರಣವನ್ನು ವಿವರವಾಗಿ ಬರೆದಿಡಬೇಕು. ಕಾರಣ ದಾಖಲಾಗದ ಪ್ರಶಸ್ತಿ ಮುಂದಿನ ಪೀಳಿಗೆಗೆ ಏನನ್ನೂ ಕಲಿಸಲಾರದು.