ಬಾಗಿಲ ಹಿಂದಿನ ಇದ್ದಿಲ ಗೆರೆ

ನಾನು ಇತಿಹಾಸ ಹೇಳಿಕೊಡುವ ಟೀಚರು. ಶಾಸನ, ನಾಣ್ಯ, ತಾಳೆಗರಿ ಇವೆಲ್ಲ ಇತಿಹಾಸಕ್ಕೆ ಆಧಾರಗಳೆಂದು ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಸಾಸ್ವೆಹಳ್ಳಿಯ ನಮ್ಮ ಮನೆಯ ಅಡುಗೆಕೋಣೆ ಬಾಗಿಲ ಹಿಂದೆಯೂ ಅಂಥದ್ದೊಂದು ಆಧಾರವಿತ್ತು ಎನ್ನುವುದು ಮಾತ್ರ ಹೊಳೆದದ್ದು ತೀರ ತಡವಾಗಿ.

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಕೋಳಿ ತತ್ತಿ ಇಟ್ಟ ದಿನ ಒಲೆಯ ಇದ್ದಿಲು ತೆಗೆದು ಗೋಡೆಗೊಂದು ಗೆರೆ ಎಳೆಯುತ್ತಿದ್ದಳು. ಮಾರಿದರೆ ಆ ಗೆರೆಗೆ ಅಡ್ಡಗೆರೆ, ಕಾವಿಗೆ ಕೂರಿಸಿದರೆ ಒಂದು ಸೊನ್ನೆ. ಕರಿ ಹ್ಯಾಟೆಗೆ ಒಂದು ಸಾಲು, ಜುಟ್ಟಿನ ಹ್ಯಾಟೆಗೆ ಇನ್ನೊಂದು. (ನಮ್ಮ ಮನೆಯಲ್ಲಿ ತತ್ತಿ ಎಂದೇ ಅನ್ನುವುದು, ಮೊಟ್ಟೆ ಎನ್ನುವುದನ್ನು ನಾನು ಕಲಿತದ್ದು ಶಾಲೆಯಲ್ಲಿ.) ಭದ್ರಾ ನಾಲೆಯ ಭತ್ತ, ಸೊಸೈಟಿ ಸಾಲ ಅಪ್ಪನ ಲೆಕ್ಕ. ಕೋಳಿಯ ಕಾಸು ಅವ್ವನದು. ಅದನ್ನು ಯಾರೂ ಕೇಳುವ ಹಾಗಿರಲಿಲ್ಲ. ನನ್ನ ಬಳೆ, ರಿಬ್ಬನ್ನು, ಪರೀಕ್ಷೆ ಫೀಜು ಎಲ್ಲ ಆ ಗೋಡೆಯಿಂದಲೇ ಬಂದದ್ದು.

ಕೋಳಿ ಮನೆಗೆ ಬಂದದ್ದೂ ಕಾಳಿನ ಆಸೆಗೇ ಎಂದು ಈಗ ವಿದ್ವಾಂಸರು ಹೇಳುತ್ತಾರೆ. 2022ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಸುಮಾರು 3,500 ವರ್ಷಗಳ ಹಿಂದೆ ಆಗ್ನೇಯ ಏಷ್ಯಾದಲ್ಲಿ ಭತ್ತ, ಸಿರಿಧಾನ್ಯ ಬೆಳೆಯುವವರ ಹೊಲಗಳ ಸುತ್ತ ಕೆಂಪು ಕಾಡುಕೋಳಿ ಮನುಷ್ಯರಿಗೆ ಒಗ್ಗಿತು. ಕೋಳಿಯ ಕಾಲಿಗೆ ಹಳದಿ ಬಣ್ಣ ಬಂದದ್ದು ನಮ್ಮ ಪಶ್ಚಿಮಘಟ್ಟದಲ್ಲಿರುವ ಬೂದು ಕಾಡುಕೋಳಿಯ ನಂಟಿನಿಂದಂತೆ. ಇದು 2008ರಲ್ಲಿ ತಿಳಿದ ಸಂಗತಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಪಾಯೆಸ್, ಪಟ್ಟಣದೊಳಗೆ ಮೂರು ಕೋಳಿ ಸಿಗುವ ಕಾಸಿಗೆ ಹೊರಗಡೆ ನಾಲ್ಕು ಸಿಗುತ್ತವೆ ಎಂದು ಬರೆದಿಟ್ಟ. ಆ ನಾಲ್ಕನ್ನು ಸಾಕಿದವಳು ಯಾರು ಎಂದು ಬರೆಯಲಿಲ್ಲ. ಹದ್ದು ಕಾದು, ಸಂಜೆ ಮಂಕರಿ ಮುಚ್ಚಿ, ಗೆದ್ದಲು ತಂದು ಮರಿಗೆ ಹಾಕುವ ಕೆಲಸ ಯಾರದೆಂದು ನಮಗೆ ಗೊತ್ತಿಲ್ಲವೇ?

ಊರಕೋಳಿ ಬೆಳೆಯುವುದು ನಿಧಾನ. ಮೊದಲ ತತ್ತಿಗೆ ಆರು ತಿಂಗಳಾದರೂ ಬೇಕು. ವರ್ಷಕ್ಕೆ ಐವತ್ತು, ಅರವತ್ತು ಇಟ್ಟರೆ ಹೆಚ್ಚು. ಇದನ್ನು ಕಡಿಮೆ ಇಳುವರಿ ಎಂದು ಪುಸ್ತಕಗಳು ಬರೆಯುತ್ತವೆ. ಆದರೆ ಅದು ಸೋಮಾರಿಯಲ್ಲ ನೋಡಿ. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂರುತ್ತದೆ; ಇಪ್ಪತ್ತೊಂದು ದಿನ ಸರಿಯಾಗಿ ಮೇವೂ ಮೇಯುವುದಿಲ್ಲ. ಆಮೇಲೆ ಎರಡು ಮೂರು ತಿಂಗಳು ಮರಿಗಳ ಹಿಂದೆ ತಿರುಗಾಟ. ಅಷ್ಟು ದಿನವೂ ತತ್ತಿ ಇಲ್ಲ. ಬಾಣಂತನದ ದಿನಗಳನ್ನೆಲ್ಲ ಗೈರುಹಾಜರಿ ಎಂದು ಬರೆದುಕೊಂಡ ಹಾಗಾಯಿತು. ಹೆರಿಗೆ ರಜೆಯ ಅರ್ಜಿ ಹಿಡಿದು ಕಚೇರಿಯಲ್ಲಿ ನಿಂತವರಿಗೆ ಇದು ಅರ್ಥವಾದೀತು.

1989ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಗಿರಿರಾಜ ತಳಿ ಹೊರತಂದರು. ಹಿತ್ತಲಲ್ಲಿ ಮೇಯುವ ಕೋಳಿ, ಬೇಗ ಬೆಳೆಯುತ್ತದೆ, ವರ್ಷಕ್ಕೆ ನೂರೈವತ್ತರವರೆಗೆ ತತ್ತಿ. ನನಗೆ ಬಿ.ಎಡ್. ಸೀಟು ಸಿಕ್ಕುವ ಹಿಂದಿನ ವರ್ಷ ಅವ್ವ ಹಳೆಯ ಹ್ಯಾಟೆಗಳನ್ನು ಮಾರಿ ಆರು ಗಿರಿರಾಜ ಮರಿ ತಂದಳು. ತರಿಸಿದವಳು ನಾನೇ. ರೇಡಿಯೋದ ಕೃಷಿ ಕಾರ್ಯಕ್ರಮ ಕೇಳಿ, ಪೆನ್ಸಿಲು ಹಿಡಿದು ಐವತ್ತೆಷ್ಟು ನೂರೈವತ್ತೆಷ್ಟು ಎಂದು ಗುಣಿಸಿ ತೋರಿಸಿದ್ದೆ.

ಸುಳ್ಳು ಹೇಳಬಾರದು, ತತ್ತಿ ಬಂದವು. ನಾನು ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಪ್ರತಿ ತಿಂಗಳು ಬಂದ ಮನಿಯಾರ್ಡರು ಆ ಆರು ಕೋಳಿಗಳದು. ಆದರೆ ಒಂದೂ ಕಾವಿಗೆ ಕೂರಲಿಲ್ಲ. ಕಾವು ಬಿದ್ದರೆ ತತ್ತಿ ನಿಲ್ಲುತ್ತದೆಂದು ತಳಿ ಮಾಡುವವರು ಆ ಗುಣವನ್ನೇ ಕಡಿಮೆ ಮಾಡಿರುತ್ತಾರೆ ಎಂದು ನಮಗೆ ಗೊತ್ತಿರಲಿಲ್ಲ. ಅವ್ವ ಕಾವಿನ ಹ್ಯಾಟೆ ಕೇಳಿಕೊಂಡು ಓಣಿಯೆಲ್ಲ ತಿರುಗಿದಳು. ಒಂದು ಕಾಲಕ್ಕೆ ಬೇರೆಯವರಿಗೆ ಪಾಲಿಗೆ ಕೋಳಿ ಕೊಡುತ್ತಿದ್ದವಳು! ಒಬ್ಬರ ಹ್ಯಾಟೆಯ ಕೆಳಗಿಟ್ಟ ಮರಿಗಳೂ ದೊಡ್ಡವಾದ ಮೇಲೆ ತಾಯಿಯ ಹಾಗೆ ಆಗಲಿಲ್ಲ. ಬೆರಕೆ ತಳಿಯಾದ್ದರಿಂದ ಪ್ರತಿ ಸಲವೂ ಮರಿ ಹೊರಗಿನಿಂದಲೇ ತರಬೇಕು. ಮೈ ಭಾರಕ್ಕೆ ಹಾರಲಾಗದ ಎರಡನ್ನು ಮುಂಗುಸಿ ಹಿಡಿಯಿತು. ಉಳಿದವು ಕೊಕ್ಕರೆ ರೋಗಕ್ಕೆ ಹೋದವು. 2005ರಲ್ಲಿ ಹೆಬ್ಬಾಳದವರೇ ತಂದ ಸ್ವರ್ಣಧಾರಾ ತಳಿ ಹಗುರ ಮೈಯದು, ಓಡಿ ತಪ್ಪಿಸಿಕೊಳ್ಳಬಲ್ಲದು. ಅಷ್ಟು ಹೊತ್ತಿಗೆ ನಮ್ಮ ಗೂಡು ಖಾಲಿಯಾಗಿ ಸೌದೆ ತುಂಬಿತ್ತು.

ನೌಕರಿ ಸಿಕ್ಕ ವರ್ಷ ದೀಪಾವಳಿಗೆ, ಮೊದಲ ಸಂಬಳದಲ್ಲಿ ಸುಣ್ಣ ತಂದು ಮನೆಯೆಲ್ಲ ಬಳಿದೆ. ಬಾಗಿಲ ಹಿಂದಿನ ಮಸಿ ಹೋಗಲೆಂದು ಅಲ್ಲಿ ಮೂರು ಸಲ ಬಳಿದೆ. ಅವ್ವ ನೋಡುತ್ತಾ ನಿಂತಿದ್ದಳು, ಏನೂ ಅನ್ನಲಿಲ್ಲ.

ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವುದು 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ 2022ರಲ್ಲಿ ನಮ್ಮ ಕಡೆಗೂ ಬಂತು. ಟ್ರೇಗಟ್ಟಲೆ ಬಿಳಿ ಮೊಟ್ಟೆ. ವರ್ಷಕ್ಕೆ ಮುನ್ನೂರು ಇಡುವ ಫಾರಂ ಕೋಳಿಗಳವು. ಮಕ್ಕಳು ತಿನ್ನುವುದನ್ನು ನೋಡಿದರೆ ಆ ಕೋಳಿಗಳ ಮೇಲೆ ದೂರು ಹೇಳಲು ಬಾಯಿ ಬರುವುದಿಲ್ಲ. ಎಷ್ಟು ಕೊಟ್ಟೆವು, ಎಷ್ಟು ಉಳಿದವು ಎಂದು ರಿಜಿಸ್ಟರಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಹಾಗೆ ಬರೆಯುತ್ತಿದ್ದಾಗ ಗೋಡೆ ನೆನಪಾಯಿತು.

ಆ ಶನಿವಾರ ಊರಿಗೆ ಹೋಗಿ ಕೇಳಿದೆ. ಎಂಬತ್ತು ದಾಟಿದ ಅವ್ವ ಖಾಲಿ ಗೋಡೆಯ ಕಡೆ ತಿರುಗಿ ಹೇಳುತ್ತಾ ಹೋದಳು: "ಜುಟ್ಟಿನಾಕಿ ಹದಿನಾಲ್ಕು ಇಟ್ಟು ಕೂತಳು, ಹನ್ನೊಂದು ಮರಿ. ಕರಿಯಾಕಿ ಹನ್ನೆರಡು, ಒಂದು ಹಾಳು." ನಾನು ನೋಟುಬುಕ್ಕಿನಲ್ಲಿ ಗೆರೆ, ಸೊನ್ನೆ ಹಾಕುತ್ತಾ ಬಂದೆ. ಗಿರಿರಾಜದ ಸಾಲಿಗೆ ಬಂದಾಗ ಒಂದು ಪುಟ ತುಂಬಾ ಗೆರೆಯಾದವು.

"ಸೊನ್ನೆ ಎಲ್ಲವ್ವಾ?" ಎಂದೆ.

"ಅದಕ್ಕೆ ಸೊನ್ನೆ ಇಲ್ಲ ಮಗಾ," ಎಂದಳು. "ಅದು ನಿನ್ನ ಫೀಜು."