ತೂಕ ಇಳಿಸೋ ಸರ್ಜರಿ ಆದ್ಮೇಲೆ ಟಾಯ್ಲೆಟ್‌ನಲ್ಲಿ ಏನೇನು ಬದಲಾಗುತ್ತೆ? ಕೋಲಾರ ಸೀಮೆಯವರಿಗೊಂದು ವಿವರಣೆ

ಬೇರಿಯಾಟ್ರಿಕ್ ಸರ್ಜರಿ ಬಗ್ಗೆ ನಮ್ಮಲ್ಲಿ ಮಾತೆಲ್ಲ ‘ಎಷ್ಟು ಕೆ.ಜಿ. ಇಳೀತು’ ಅನ್ನೋದರಲ್ಲೇ ಮುಗಿಯುತ್ತೆ. ಡಿಸ್ಚಾರ್ಜ್ ಆಗಿ ಮಾಲೂರಿಗೋ ಮುಳಬಾಗಿಲಿಗೋ ವಾಪಸ್ ಬಂದವರನ್ನು ಮೊದಲ ವಾರ ಕಾಡೋ ಪ್ರಶ್ನೆಯೇ ಬೇರೆ: ನಾಲ್ಕು ದಿನ ಆಯ್ತು, ಎರಡಕ್ಕೆ ಹೋಗಿಲ್ಲ, ಡಾಕ್ಟರ್‌ಗೆ ಫೋನ್ ಮಾಡಬೇಕಾ? ಕೇಳೋಕೆ ಮುಜುಗರ, ಕೇಳದಿದ್ದರೆ ಭಯ.

ಹೊಟ್ಟೆನೋವು, ವಾಂತಿ ಇಲ್ಲದೆ ಗ್ಯಾಸ್ ಹೋಗ್ತಾ ಇದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಮೊದಲೆರಡು ವಾರ ಬರೀ ನೀರಾಹಾರ. ಒಳಗೆ ಹೋಗೋದೇ ಇಲ್ಲದ ಮೇಲೆ ಹೊರಗೆ ಬರೋದೆಲ್ಲಿಂದ? ಆಮೇಲೂ ಎರಡು ಮೂರು ದಿನಕ್ಕೊಮ್ಮೆ ಹೋಗೋದು ಹಲವರಿಗೆ ಸಹಜ.

ಯಾವ ಸರ್ಜರಿ ಅನ್ನೋದರ ಮೇಲೂ ವ್ಯತ್ಯಾಸ ಇದೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ 75ರಿಂದ 80ರಷ್ಟು ಭಾಗ ಕತ್ತರಿಸಿ ತೆಗೀತಾರೆ, ಕರುಳು ಮುಟ್ಟಲ್ಲ. ಬೈಪಾಸ್‌ನಲ್ಲಿ ಜಠರವನ್ನು ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ಮುಂದಕ್ಕೆ ಜೋಡಿಸ್ತಾರೆ. ಇಂಜಿನಿಯರಿಂಗ್ ಓದಿದ ತಪ್ಪಿಗೆ ನನಗೆ ಹೊಳೆಯೋ ಹೋಲಿಕೆ: ಮೊದಲನೆಯದರಲ್ಲಿ ಟ್ಯಾಂಕ್ ಮಾತ್ರ ಚಿಕ್ಕದು, ಎರಡನೆಯದರಲ್ಲಿ ಪೈಪ್‌ಲೈನ್ ಮಾರ್ಗವೂ ಬೇರೆ. ಹಾಗಾಗಿ ಸ್ಲೀವ್ ಆದವರಿಗೆ ಮಲಬದ್ಧತೆ ಜಾಸ್ತಿ. ಬೈಪಾಸ್ ಆದವರಿಗೆ ಅದರ ಜೊತೆಗೆ ಕೆಲವೊಮ್ಮೆ ಭೇದಿ, ವಾಸನೆಯ ಗ್ಯಾಸ್, ಕೊಬ್ಬು ಜೀರ್ಣವಾಗದೆ ಜಿಡ್ಡುಜಿಡ್ಡಾದ ಮಲ.

ಮಲಬದ್ಧತೆಗೆ ಕಾರಣಗಳು ಸೇರಿಕೊಂಡಿರುತ್ತವೆ: ಕಡಿಮೆ ನಾರು, ಐರನ್ ಮಾತ್ರೆ, ಕೆಲವು ನೋವಿನ ಮದ್ದು. ಎಲ್ಲಕ್ಕಿಂತ ದೊಡ್ಡದು ನೀರು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಬೇಕು, ಆದ್ರೆ ಗಟಗಟ ಕುಡಿಯೋ ಹಾಗಿಲ್ಲ. ಊಟದ ಜೊತೆಗೂ ಕುಡಿಯಬಾರದು, ಊಟ ಆದ ಅರ್ಧ ಗಂಟೆ ಮೇಲೆ ಶುರು ಮಾಡಬೇಕು. ಅಂದ್ರೆ ದಿನವಿಡೀ ಬಾಟಲಿ ಕೈಲಿರಬೇಕು, ಗುಟುಕು ಗುಟುಕಾಗಿ ಹೀರ್ತಾ ಇರಬೇಕು.

ಇಲ್ಲಿಗೆ ಬಂದರೆ ಇದು ಬರೀ ವೈದ್ಯಕೀಯ ವಿಷಯ ಅಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ, ಅಂತರ್ಜಲದಲ್ಲಿ ಫ್ಲೋರೈಡ್ ಇರೋ ಜಿಲ್ಲೆ ನಮ್ಮದು. ಕುಡಿಯೋ ನೀರು ಅಂದ್ರೆ ಶುದ್ಧ ನೀರಿನ ಘಟಕದ ಕ್ಯಾನ್. 2018ರಿಂದ ಕೆರೆಗಳಿಗೆ ಹರೀತಿರೋ ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅದು ಅಂತರ್ಜಲ ಹೆಚ್ಚಿಸೋಕೆ. ಕುಡಿಯೋಕೆ ಅಲ್ಲ.

ನೀರು ಸಿಕ್ಕರೂ ಕುಡಿಯದೇ ಇರೋರಿದ್ದಾರೆ. ಚೆಕಪ್‌ಗೆ ಶ್ರೀನಿವಾಸಪುರದಿಂದ ಬೆಂಗಳೂರಿಗೆ ಬಸ್ ಹತ್ತೋ ದಿನ, ತೋಟದ ಕೆಲಸದ ದಿನ, ಫ್ಯಾಕ್ಟರಿ ಶಿಫ್ಟ್‌ನಲ್ಲಿ, ‘ಒಂದಕ್ಕೆ ಎಲ್ಲಿ ಹೋಗೋದು’ ಅಂತ ಹೆಣ್ಮಕ್ಕಳು ನೀರು ಕಡಿಮೆ ಮಾಡೋದು ಹಳೇ ಅಭ್ಯಾಸ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಉಳಿದಿದೆ, ದಾರಿಯಲ್ಲಿ ಚೊಕ್ಕವಾದ ಟಾಯ್ಲೆಟ್ ಎಲ್ಲಿ ಅನ್ನೋ ಪ್ರಶ್ನೆ ಹಾಗೇ ಇದೆ. ಸರ್ಜರಿ ಆದವರಿಗೆ ಈ ಅಭ್ಯಾಸ ದುಬಾರಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲ್ತಿಲ್ಲ ಅಂತ ಅರ್ಥ. ಬೈಪಾಸ್ ಆದವರಲ್ಲಿ ಕಿಡ್ನಿ ಕಲ್ಲಿನ ಅಪಾಯವೂ ಹೆಚ್ಚು.

ಊಟಕ್ಕೆ ಬಂದ್ರೆ, ಮುದ್ದೆಯನ್ನ ನಾವು ಅಗಿಯಲ್ಲ, ನುಂಗ್ತೀವಿ. ಹೊಸ ಹೊಟ್ಟೆಗೆ ಅದು ಆಗಲ್ಲ, ಸಿಕ್ಕಿಕೊಂಡು ವಾಂತಿಯಾಗುತ್ತೆ. ಡಾಕ್ಟರ್ ಹೇಳಿದ ಹಂತದಲ್ಲಿ ತೆಳುವಾದ ರಾಗಿ ಗಂಜಿಯಿಂದ ಶುರು ಮಾಡಬಹುದು. ಅವರೆಕಾಳಿನ ಸೀಸನ್‌ನಲ್ಲಿ ಗ್ಯಾಸ್ ಗ್ಯಾರಂಟಿ. ಶ್ರೀನಿವಾಸಪುರದ ಮಾವಿನ ರಸ ಒಂದು ಲೋಟ ಕುಡಿದರೆ ಬೈಪಾಸ್ ಆದವರಿಗೆ ಹತ್ತಿಪ್ಪತ್ತು ನಿಮಿಷದಲ್ಲಿ ಹೊಟ್ಟೆ ನುಲಿತ, ಬೆವರು, ಎದೆಬಡಿತ, ಭೇದಿ ಬರಬಹುದು. ಇದಕ್ಕೆ ಡಂಪಿಂಗ್ ಅಂತಾರೆ: ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತೆ. ಹಾಲು ಮುಂಚೆ ಒಗ್ಗುತ್ತಿದ್ದವರಿಗೂ ಈಗ ಒಗ್ಗದಿರಬಹುದು, ಮಜ್ಜಿಗೆ ಪರೀಕ್ಷಿಸಿ ನೋಡಿ.

ಇಸಬ್‌ಗೋಲ್ ಮನೆಮದ್ದು ಅಂತ ತಾವೇ ಶುರು ಮಾಡಬೇಡಿ. ಅದು ನೀರು ಹೀರಿ ಊದಿಕೊಳ್ಳುತ್ತೆ, ನೀರೇ ಕಡಿಮೆ ಇದ್ದರೆ ಸಮಸ್ಯೆ ಜಾಸ್ತಿ. ಮಲ ಮೆದುವಾಗಿಸೋ ಸಿರಪ್ ಡಾಕ್ಟರ್ ಬರೆದುಕೊಡ್ತಾರೆ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂರೋದು ಕರುಳಿಗೆ ಒಳ್ಳೇದೇ, ಆದ್ರೆ ಮೊದಲ ವಾರಗಳಲ್ಲಿ ಎದ್ದಾಗ ತಲೆ ಸುತ್ತಬಹುದು. ಕಮೋಡ್ ಚೇರ್ ತಂದಿಡಿ. ಕಮೋಡ್ ಇರೋ ಮನೆಯಲ್ಲಿ ಕಾಲ ಕೆಳಗೆ ಒಂದು ಮಣೆ ಸಾಕು. ಮುಕ್ಕಬೇಡಿ.

ಬಣ್ಣದ ಬಗ್ಗೆ ಎಚ್ಚರ. ಐರನ್ ಮಾತ್ರೆಯಿಂದ ಮಲ ಕಡು ಹಸಿರು ಅಥವಾ ಕಪ್ಪಾಗೋದು ಸಾಮಾನ್ಯ. ಆದರೆ ಡಾಂಬರಿನಂತೆ ಅಂಟಂಟಾಗಿ, ವಿಪರೀತ ವಾಸನೆ ಇದ್ದರೆ ಒಳಗೆ ರಕ್ತಸ್ರಾವ ಇರಬಹುದು. ಮೈಕೈ ನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಕೊಡೋ ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಂಥ ಹುಣ್ಣಿಗೆ ದಾರಿ ಮಾಡುತ್ತವೆ, ಅದಕ್ಕೇ ಸರ್ಜರಿ ಆಗಿದೆ ಅಂತ ಅಂಗಡಿಯವರಿಗೆ ಮೊದಲೇ ಹೇಳಿ. ಮಲದಲ್ಲಿ ರಕ್ತ, ಜ್ವರದ ಜೊತೆ ಹೊಟ್ಟೆನೋವು, ಸುಮ್ಮನೆ ಕೂತಾಗಲೂ ನಿಮಿಷಕ್ಕೆ 120 ದಾಟೋ ನಾಡಿ, ಗ್ಯಾಸ್ ಕೂಡ ಹೋಗದೆ ವಾಂತಿ, ಎಂಟು ಗಂಟೆ ಮೂತ್ರವೇ ಇಲ್ಲ ಅನ್ನೋದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಬೆಂಗಳೂರಿನ ಸರ್ಜನ್‌ಗೆ ಫೋನ್ ಮಾಡ್ತಾನೇ ಹತ್ತಿರದ ದೊಡ್ಡಾಸ್ಪತ್ರೆಗೆ ಹೊರಡಿ, 108ಕ್ಕೆ ಕರೆ ಮಾಡಿ, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.